ನಲವತ್ತೊಂದು ಮನೆಗಳ ಮೂಢನಂಬಿಕೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಗುಡ್ಡದ ಮೇಲಿನ ಬುಡಕಟ್ಟಿನ ಜನ ಮಕ್ಕಳಿಗೆ ದಡಾರದ ಲಸಿಕೆ ಹಾಕಿಸದಿರುವುದಕ್ಕೆ ಮೂಢನಂಬಿಕೆಯೇ ಕಾರಣವೆಂದು ತಾವು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿದ್ದೀರಿ. ಸೋಮವಾರ ಪೊಲೀಸರನ್ನು ಜೊತೆ ಮಾಡಿ ಲಸಿಕೆಯ ಗಾಡಿ ಕಳಿಸುವುದಾಗಿಯೂ ಹೇಳಿದ್ದೀರಿ. ತಾವು ಆಧಾರವೆಂದು ತೋರಿಸಿದ ಆ ನಲವತ್ತೊಂದು ಸಮೀಕ್ಷೆಯ ನಮೂನೆಗಳನ್ನು ತುಂಬಿದವಳು ನಾನು. ಅವು ಸುಳ್ಳು.

ನಮೂನೆಯಲ್ಲಿ ನಿರಾಕರಣೆಗೆ ಕಾರಣಗಳು ನಾಲ್ಕೇ: ಅಜ್ಞಾನ, ಮೂಢನಂಬಿಕೆ, ವದಂತಿ, ಇತರೆ. ‘ಇತರೆ’ಗೆ ಗುರುತು ಹಾಕಿದರೆ ವಿವರಣೆ ಕೇಳಿ ತಮ್ಮ ಕಚೇರಿ ಅದನ್ನು ವಾಪಸು ಕಳಿಸುತ್ತದೆ. ಹಾಗಾಗಿ ನಾವು ದಾದಿಯರು ಅದರ ತಂಟೆಗೇ ಹೋಗುವುದಿಲ್ಲ. ಜನರ ಅಜ್ಞಾನ ಎಷ್ಟಿದ್ದರೂ ಅರಗಿಸಿಕೊಳ್ಳುವ ಕಚೇರಿಗೆ ಅವರ ಮಾತು ಮಾತ್ರ ಯಾಕೋ ಜೀರ್ಣವಾಗುವುದಿಲ್ಲ.

ಸಮೀಕ್ಷೆಯ ದಿನ ಮೊದಲ ಮನೆಯ ಬಾಗಿಲಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬುಟ್ಟಿ ಹೆಣೆಯುತ್ತಿದ್ದರು. ಲಸಿಕೆ ಯಾಕೆ ಬೇಡ ಎಂದು ಕೇಳಿದೆ.

“ಬೇಡ ಅಂತ ಯಾರಂದ್ರು ತಾಯಿ? ಮೂರು ವರ್ಷದ ಹಿಂದೆ ನಿಮ್ಮೋರೇ ಬಂದು ನಮ್ಮೆಲ್ಲರ ರಕ್ತ ತಗೊಂಡು ಹೋದ್ರು. ಏನಿತ್ತು ಅದರಲ್ಲಿ? ಮೊದಲು ಅದು ಹೇಳು, ಆಮೇಲೆ ಸೂಜಿ ತೆಗಿ.”

“ನಂಗೊತ್ತಿಲ್ಲ ಅಜ್ಜಿ. ಅದು ಬೇರೆ ವಿಭಾಗ.”

“ತಗೊಳ್ಳೋವಾಗ ಎಲ್ಲಾ ಒಂದೇ ಆಗಿತ್ತಲ್ಲ,” ಎಂದು ಅವರು ಮತ್ತೆ ಬುಟ್ಟಿಗೆ ಕೈ ಹಚ್ಚಿದರು.

ಊರಿಡೀ ಅದೇ ಪ್ರಶ್ನೆ. ನಾನು ಮನೆಮನೆಗೂ ‘ಮೂಢನಂಬಿಕೆ’ ಎಂದು ಗುರುತು ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿಳಿದೆ.

ತಮ್ಮ ಹೇಳಿಕೆ ಓದಿದ ದಿನ ನಮ್ಮ ಆರೋಗ್ಯ ಕೇಂದ್ರದ ಬೀರು ತಡಕಾಡಿದೆ. ಖಾಲಿ ಸಲೈನ್ ಡಬ್ಬಗಳ ಹಿಂದೆ ಆ ಊರಿನ ರಕ್ತಪರೀಕ್ಷೆಯ ವರದಿಗಳು ಕಟ್ಟಿದ ದಾರವೂ ಬಿಚ್ಚದೆ ಬಿದ್ದಿದ್ದವು. ಅಜ್ಜಿಯ ಸೊಸೆಯ ವರದಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: ತೀವ್ರ ರಕ್ತಹೀನತೆ, ಕೂಡಲೇ ಚಿಕಿತ್ಸೆ. ರಕ್ತ ಕೊಟ್ಟ ಆರು ತಿಂಗಳಿಗೆ ಆಕೆ ಹೆರಿಗೆಯಲ್ಲಿ ತೀರಿಕೊಂಡಳು. ಅಲ್ಲಿಗೆ ಹೋಗಿದ್ದವಳೂ ನಾನೇ. ‘ಮನೆಯವರು ತಡವಾಗಿ ಕರೆದರು’ ಎಂದು ಷರಾ ಬರೆದವಳೂ ನಾನೇ. ಅಂದು ಹುಟ್ಟಿದ ಆ ಮೊಮ್ಮಗಳಿಗೇ ಈಗ ಲಸಿಕೆ ಆಗಬೇಕಿರುವುದು. ನನಗೆ ನಾಚಿಕೆಯಾಗಿದೆ. ತಮಗೆ ಹೇಗಿದೆಯೋ ತಿಳಿಯದು. ಕೊಟ್ಟ ರಕ್ತಕ್ಕೆ ಉತ್ತರ ಕೇಳಿದವರು ಮೂಢರಾದರೆ, ಉತ್ತರವನ್ನು ಬೀರುವಿನಲ್ಲಿಟ್ಟು ಮರೆತ ನಮಗೆ ಏನೆನ್ನಬೇಕು?

ಲಸಿಕೆ ಬೇಕೇ ಬೇಕು. ಗುಡ್ಡದ ಬುಡದ ಊರಿಗೆ ಈಗಾಗಲೇ ದಡಾರ ಬಂದಿದೆ, ಕಾಯುತ್ತ ಕೂರುವ ಕಾಲವಲ್ಲ. ಆದರೆ ಪೊಲೀಸರನ್ನು ಕಂಡ ತಾಯಂದಿರು ಮಕ್ಕಳನ್ನೆತ್ತಿಕೊಂಡು ಕಾಡು ಸೇರುತ್ತಾರೆ. ದಯವಿಟ್ಟು ಪೊಲೀಸರನ್ನು ಕಳಿಸಬೇಡಿ. ಆ ಹೇಳಿಕೆಯನ್ನು ಪತ್ರಿಕೆಯಲ್ಲೇ ಹಿಂಪಡೆಯಿರಿ. ನಾಳೆ ಬೆಳಿಗ್ಗೆಯೇ ಒಬ್ಬ ವೈದ್ಯರನ್ನು ಕೊಡಿ. ವರದಿಗಳನ್ನು ಹಿಡಿದು ಮನೆಮನೆಗೂ ಹೋಗುತ್ತೇವೆ. ಓದಿ ಹೇಳುತ್ತೇವೆ, ಬೈದರೆ ಬೈಸಿಕೊಳ್ಳುತ್ತೇವೆ. ಲಸಿಕೆಯ ಮಾತು ಆಮೇಲೆ.

ಮೊದಲ ಮನೆಗೆ ನಾನೊಬ್ಬಳೇ ಹೋಗುತ್ತೇನೆ. ಸೊಸೆಯ ವರದಿಯನ್ನು ಆ ಅಜ್ಜಿಗೆ ನಾನೇ ಓದಿ ಹೇಳಬೇಕು. ಅದನ್ನು ಕೇಳಿದ ಮೇಲೆ ಅವರು ಮೊಮ್ಮಗಳ ತೋಳನ್ನು ನನ್ನ ಕೈಗೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಕೊಡುತ್ತಿರಲಿಲ್ಲ.

ಇಂತಿ,
ತಮ್ಮದೇ ಇಲಾಖೆಯ, ಸುಳ್ಳು ಷರಾ ಬರೆಯುವುದರಲ್ಲಿ ಪಳಗಿದ
ಒಬ್ಬ ದಾದಿ