ಭಂಡಾರ ಹಚ್ಚಿದ ಸೈಕಲ್

ಭಾನುವಾರ, ನವೆಂಬರ್ ೯

ಸಿಟ್ಟು ಇನ್ನೂ ಇಳಿದಿಲ್ಲ. ಆನ್‌ಲೈನಿನಲ್ಲಿ ತರಿಸಿದ ನನ್ನ ಹೊಸ ಸೈಕಲ್ಲಿನ ಮಡ್‌ಗಾರ್ಡ್ ಬರುವಾಗಲೇ ಸೊಟ್ಟಗಾಗಿ ಟೈರಿಗೆ ಉಜ್ಜುತ್ತಿತ್ತು. ನಾನು ನೋಡುವ ಮೊದಲೇ ಅತ್ತೆ ಜೇಜುರಿ ಮಲ್ಲಯ್ಯನ ಭಂಡಾರದ ಅರಿಶಿನ ಎರಚಿ, ಕಾಯಿ ಒಡೆದು ಪೂಜೆ ಮುಗಿಸಿದ್ದರು. ವಾಪಸ್ ಒಯ್ಯಲು ಬಂದ ಕಂಪನಿಯವನು ಆ ಅರಿಶಿನ ಕಂಡು, ಇದು ಬಳಸಿದ ಮಾಲು ಎಂದು ಹೊರಟೇಹೋದ.

"ಅವ್ವಗ ಏನೂ ಅನಬ್ಯಾಡ. ಪಾಪ, ಭಕ್ತೀಲೆ ಮಾಡ್ಯಾಳ" ಎಂದರು ನನ್ನ ಗಂಡ, ಸೋಫಾದಿಂದ ಏಳದೆ.

ನಾನು ಬಾಲ್ಕನಿಯಲ್ಲಿ ಕೂತು, ಅಡುಗೆಮನೆಯ ಇಕ್ಕಳದಿಂದ ಎಳೆದೂ ಎಳೆದೂ ಮಡ್‌ಗಾರ್ಡ್ ನೆಟ್ಟಗೆ ಮಾಡಿದೆ. ಅಂಗೈ ಸುಲಿಯಿತು. ಸಂಜೆಗೆ ಚಕ್ರ ಸದ್ದಿಲ್ಲದೆ ತಿರುಗಿತು.

ಅತ್ತೆ ಬಂದು ನೋಡಿ ಸೈಕಲ್ಲಿಗೆ ಕೈಮುಗಿದರು. "ನೋಡಿದ್ಯಾ ಶೈಲಾ, ನಮ್ಮ ಮಲ್ಲಯ್ಯ ಹೆಂಗ ನೆಟ್ಟಗ ಮಾಡಿದ!"

ಇವರೂ ಎದ್ದು ಬಂದು ಕೈಮುಗಿದರು.

ನನಗೆ ಅಂಗೈ ಜೋಡಿಸಲು ಆಗಲಿಲ್ಲ. ಈಗ ಪೆನ್ನು ಹಿಡಿದರೂ ಉರಿಯುತ್ತದೆ.