ಐದು ಸುತ್ತು

ಸಾಲ್ವಿಕ್
11 ನವೆಂಬರ್ 2009

ಪ್ರೀತಿಯ ಮೈಲಿಸ್,

ಹೇಗಿದ್ದೀಯೆ? ಸ್ಟಾಕ್‌ಹೋಮ್‌ನ ಮನೆ ಒಗ್ಗಿತೇ? ನಿನ್ನ ಎರಡು ಕಾಗದಗಳಿಗೆ ಉತ್ತರಿಸದೆ ಕೂತದ್ದು ಸೋಮಾರಿತನದಿಂದಲ್ಲ. ಪೆನ್ನು ಹಿಡಿಯಲು ಧೈರ್ಯ ಬರಲಿಲ್ಲ.

ಮೂವತ್ತೊಂದು ವರ್ಷ ಹೆರಿಗೆ ನರ್ಸ್ ಆಗಿ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಸಾವಿರಾರು ಹೆಂಗಸರಿಂದ ಮಾದರಿ ತೆಗೆದವಳು ನಾನು. "ಗುನೆಲ್ ಕೈ ಹೂವಿನ ಹಾಗೆ, ಗೊತ್ತೇ ಆಗಲ್ಲ" ಎಂದು ಊರೆಲ್ಲ ಹೊಗಳುತ್ತಿತ್ತು, ನಾನೂ ಉಬ್ಬುತ್ತಿದ್ದೆ. ಆಗಸ್ಟ್‌ನಲ್ಲಿ ಪ್ರಯೋಗಾಲಯದಿಂದ ಪತ್ರ ಬಂತು. ಯಾರು ತೆಗೆದ ಮಾದರಿ ಹೇಗಿದೆ ಎಂದು ಅವರೀಗ ಪರೀಕ್ಷಿಸುತ್ತಾರೆ. ನನ್ನ ಪ್ರತಿ ಐದು ಮಾದರಿಗೆ ಒಂದರಲ್ಲಿ ಗರ್ಭಕಂಠದ ಒಳ ಅಂಚಿನ ಜೀವಕೋಶಗಳೇ ಇಲ್ಲವಂತೆ. ಕಾಯಿಲೆ ಹುಟ್ಟುವುದೇ ಆ ಅಂಚಿನಲ್ಲಿ. ಆದರೂ 'ಏನೂ ಇಲ್ಲ' ಎಂಬ ಕಾಗದ ಆ ಹೆಂಗಸರ ಮನೆಗೆ ಹೋಗಿತ್ತು. ನನ್ನ ಕೈಯನ್ನೇ ಅನುಮಾನಿಸುತ್ತಾರಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು.

ಸೆಪ್ಟೆಂಬರ್‌ನಲ್ಲಿ ಆ ಪ್ರಯೋಗಾಲಯದಿಂದ ಡಾಕ್ಟರ್ ತೂವಾ ಬಂದಳು. ನನ್ನ ಮಗಳ ವಯಸ್ಸು. ಸೂಕ್ಷ್ಮದರ್ಶಕವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು ತಂದಿದ್ದಳು! ದಿನವಿಡೀ ನನ್ನ ಪಕ್ಕ ನಿಂತು ನೋಡಿದಳು. ಕಾಫಿಗೆ ಕೂತಾಗ ಕೇಳಿದಳು:

"ಗುನೆಲ್, ಮಾದರಿ ತೆಗೆಯೋ ಬ್ರಷ್ ಎಷ್ಟು ಸುತ್ತು ತಿರುಗಿಸ್ತೀರಿ?"

"ಐದು. ಹೊಸದಾಗಿ ಕಲೀಬೇಕಾ ನಾನು?"

"ನಾನು ಎಣಿಸ್ದೆ, ಎರಡೇ. ಹೆಂಗಸರು ಸ್ವಲ್ಪ ಮುಖ ಕಿವುಚಿದ್ರೆ ಸಾಕು, ನಿಲ್ಲಿಸಿಬಿಡ್ತೀರಿ."

"ನೋಯಿಸಬೇಕಾ ಹಾಗಾದ್ರೆ?"

"ಬನ್ನಿ, ನೋಡಿ."

ಇಷ್ಟು ವರ್ಷ ಕಳಿಸಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ ಕಣೇ! ಮೊದಲು ಬೇರೊಬ್ಬ ನರ್ಸ್ ತೆಗೆದದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ನೀಲಿ, ಗುಲಾಬಿ ಬಣ್ಣದ ಕೋಶಗಳು ಜೇನುಗೂಡಿನ ಹಾಗೆ ಒತ್ತೊತ್ತಾಗಿ, ಒಂದೊಂದರೊಳಗೂ ಒಂದು ಕಪ್ಪು ಚುಕ್ಕೆ. ಯಾರೋ ಒಬ್ಬಳು, ಕೋಟು ತೊಟ್ಟು ಬಸ್ಸು ಹಿಡಿದು ಹೋದವಳು, ಇಷ್ಟು ಚೆಂದದ್ದನ್ನು ಒಳಗಿಟ್ಟುಕೊಂಡು ನಡೆಯುತ್ತಾಳೆ. ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಮೂಲೆಯಲ್ಲಿ ಐದಾರು ಚುಕ್ಕೆಗಳು ಊದಿಕೊಂಡಿದ್ದವು. "ಇಷ್ಟೇ ಸಾಕು ನಮಗೆ. ಕಾಯಿಲೆ ಈಗಲೇ ಸಿಕ್ಕಿದ್ದಕ್ಕೆ ಇವರು ಮೊಮ್ಮಕ್ಕಳನ್ನ ನೋಡ್ತಾರೆ," ಎಂದಳು ತೂವಾ.

ಆಮೇಲೆ ನಾನು ತೆಗೆದದ್ದನ್ನು ಇಟ್ಟಳು. ಅಲ್ಲೊಂದು ಇಲ್ಲೊಂದು ಕೋಶ, ಮಿಕ್ಕಿದ್ದೆಲ್ಲ ಖಾಲಿ. ನಾಚಿಕೆಯಿಂದ ಅಳು ಬಂತು.

ಹೀಗೆ ಮಾದರಿ ಸರಿಯಾಗಿ ಸಿಗದ ಹೆಂಗಸರನ್ನೆಲ್ಲ ಈಗ ನಾನೇ ಫೋನು ಮಾಡಿ ಮತ್ತೆ ಕರೆಸುತ್ತಿದ್ದೇನೆ. ಐದೂ ಸುತ್ತು ತಿರುಗಿಸುತ್ತೇನೆ. ಮೀನಂಗಡಿಯ ಬಿರ್ಗಿತ್ತಾ ಮೊನ್ನೆ, "ನಿನ್ನ ಕೈಗೇನಾಯ್ತೇ, ಮೀನು ಉಜ್ಜಿದ ಹಾಗೆ ಉಜ್ತೀಯಲ್ಲ!" ಎಂದು ಗದರಿದಳು. ಗದರಲಿ.

ನೀನೂ ನಿನ್ನ ಗಂಡ ಸ್ಟೂರೆಯೂ ತುಂಬಾ ಕಾಲ ಸುಖವಾಗಿ ಬಾಳಿ.

ನಿನ್ನ
ಗುನೆಲ್

ತಾ.ಕ.: ಒಬ್ಬಳಿಗೆ ಮಾತ್ರ ಫೋನು ಮಾಡಲಾಗಲಿಲ್ಲ. ಹನ್ನೆರಡು ವರ್ಷ ಹೆದರಿ ತಪಾಸಣೆಗೆ ಎಲ್ಲೂ ಹೋಗದವಳು ನೀನು, ನನ್ನನ್ನು ನಂಬಿ ಮಾರ್ಚ್‌ನಲ್ಲಿ ಬಂದೆ. ನೀನು ಹಲ್ಲು ಕಚ್ಚಿದ್ದನ್ನು ನೋಡಲಾರದೆ ಒಂದೇ ಸುತ್ತಿಗೆ ಕೈ ತೆಗೆದೆ. ನಿನಗೆ ಬಂದ ಆ ಕಾಗದವನ್ನು ನಂಬಬೇಡ, ಮೈಲಿಸ್. ನಾಳೆಯೇ ಅಲ್ಲಿನ ನರ್ಸ್ ಬಳಿ ಹೋಗು. ನೋವಾದರೆ ನನಗೆ ಶಾಪ ಹಾಕು, ಅವಳ ಕೈ ಮಾತ್ರ ತಡೆಯಬೇಡ.