ಬಕೆಟ್ಟಿನಲ್ಲಿ ಗಡ್ಡೆ ಕಟ್ಟುವ ಮೊದಲು

ಹೆರಿಂಗ್ ಕೊಲ್ಲಿ, ಮಿಷಿಗನ್
೨೬ ಅಕ್ಟೋಬರ್ ೧೯೮೭, ಸೋಮವಾರ

ನನ್ನ ಮುದ್ದಿನ ಆರ್ವೋ,

ಹೇಗಿದ್ದೀಯಾ? ಕೆಮ್ಮು ಹೋಯಿತಾ? ಹಡಗಿನ ಅಡುಗೆಯವನು ಇನ್ನೂ ಎರಡು ಹೊತ್ತೂ ಎಲೆಕೋಸನ್ನೇ ಬೇಯಿಸುತ್ತಿದ್ದಾನಾ? ಎಲ್ಲಕ್ಕಿಂತ ಮುಖ್ಯವಾಗಿ, ನಿನ್ನ ಬಲಗೈ ಹೇಗಿದೆ? ನಾನು ಹೆಣೆದುಕೊಟ್ಟ ನೀಲಿ ಕೈಗವಸುಗಳಲ್ಲಿ ಬಲಗೈಯದನ್ನು ಗಾಳಿ ಹಾರಿಸಿಕೊಂಡು ಹೋಯಿತು ಎಂದು ಹೊರಡುವ ದಿನ ಹೇಳಿದೆಯಲ್ಲ, ಆಗ ನಕ್ಕುಬಿಟ್ಟೆ. ನೀನು ಹೋದ ಮೇಲೆ ಒಲೆಯ ಮುಂದೆ ಕೂತು ಸ್ವಲ್ಪ ಕಣ್ಣೀರು ಹಾಕಿದೆ. ಹೆಬ್ಬೆರಳು ತಪ್ಪು ಜಾಗದಲ್ಲಿ ಬಂದಿತ್ತು, ನನಗೂ ಗೊತ್ತು. ಆದರೆ ಅದು ನನ್ನ ಜೀವಮಾನದ ಮೊದಲ ಕೈಗವಸು, ನೀನು ನನ್ನ ಮೊದಲ ಗಂಡ. ಬೇಡವಾಗಿದ್ದರೆ ಬೇಡ ಎನ್ನಬಹುದಿತ್ತು, ಪಾಪ ಗಾಳಿಯ ಮೇಲೆ ಯಾಕೆ ಹಾಕಬೇಕಿತ್ತು? ಇರಲಿ, ಕ್ಷಮಿಸಿದ್ದೇನೆ. ಡೆಟ್ರಾಯಿಟ್‌ನಲ್ಲಿ ಅಂಚೆ ದೋಣಿ ನಿಮ್ಮ ಹಡಗಿನ ಪಕ್ಕಕ್ಕೆ ಬಂದಾಗ ಹಗ್ಗ ಕಟ್ಟಿದ ಬಕೆಟ್ ಇಳಿಸಿ ಈ ಪತ್ರವನ್ನು ಮೇಲೆತ್ತಿಕೊಳ್ಳುತ್ತೀಯಲ್ಲ, ಅದನ್ನು ನೆನೆದರೇ ಖುಷಿಯಾಗುತ್ತದೆ. ಮದುವೆಯಾದ ಮೇಲೆ ನನ್ನ ಬದುಕೆಲ್ಲ ಬಕೆಟ್ಟುಗಳ ಸುತ್ತಲೇ ನಡೆಯುತ್ತಿದೆ.

ಇನ್ನೊಂದು ಬಕೆಟ್ಟಿನ ಕಥೆ ಹೇಳುತ್ತೇನೆ. ನೀನು ಹುಟ್ಟಿ ಬೆಳೆದ ಮನೆಯ ಸಂಗತಿಯನ್ನು ನಿನಗೇ ಹೇಳುತ್ತಿದ್ದೇನೆ, ನಗಬೇಡ. ನಿಮ್ಮಪ್ಪನ ಕಾನೂನು ಒಂದೇ. ಹಬೆಸ್ನಾನದ ಸೌನಾ ಜಗಲಿಯ ಬಕೆಟ್ಟಿನಲ್ಲಿ ನೀರು ಗಡ್ಡೆ ಕಟ್ಟುವವರೆಗೆ ದೋಣಿಯ ಎಂಜಿನ್ನಿಗೆ ಚಳಿಗೆ ಹೆಪ್ಪುಗಟ್ಟದ ಆಂಟಿಫ್ರೀಜ್ ಕುಡಿಸುವಂತಿಲ್ಲ. ಅದಕ್ಕೆ ಮೊದಲೇ ಕುಡಿಸುವವನು ಹೇಡಿ. ಈ ಕೊಲ್ಲಿಯಲ್ಲಿ ಆ ಹೆಸರು ಹೊತ್ತುಕೊಂಡು ಬದುಕುವುದಕ್ಕಿಂತ ಸರೋವರಕ್ಕೆ ಹಾರುವುದು ವಾಸಿಯಂತೆ. ಪಕ್ಕದ ಮನೆಯ ಐನಾರ್ ಮಾವನದೂ ಅದೇ ಹಟ. ಪ್ರತಿ ಶನಿವಾರ ಸೌನಾದಲ್ಲಿ ಇಬ್ಬರೂ ಬೆವರು ಸುರಿಸುತ್ತಾ ಕೂತು, "ಏನಯ್ಯಾ ತೌನೋ, ಹೆದರಿಕೆ ಶುರುವಾಯಿತಾ?" ಎಂದು ಅವರು, "ನಿನ್ನ ಗಡ್ಡ ಹೆಪ್ಪುಗಟ್ಟಿದ ಮೇಲೆ ಹೇಳ್ತೀನಿ ಕಣೋ" ಎಂದು ನಮ್ಮ ಮಾವ ಕಿರುಚುವುದು ಅಡುಗೆಮನೆಗೇ ಕೇಳುತ್ತದೆ.

ಗುರುವಾರ ರೇಡಿಯೋದವನು ವಾರದ ಕೊನೆಗೆ ಕಡು ಚಳಿ ಎಂದ. ಶುಕ್ರವಾರ ಮೊದಲ ಹಿಮ ಬಿತ್ತು. ಎಂಜಿನ್ನಿನ ಹೊಟ್ಟೆಯಲ್ಲಿ ಉಳಿದ ಸರೋವರದ ನೀರು ಗಡ್ಡೆಯಾದರೆ ಕಬ್ಬಿಣವೇ ಸೀಳುತ್ತದೆ ಎಂದು ನೀನೇ ಹೇಳಿದ್ದೆ. ಎಂಜಿನ್ ನೆಟ್ಟಗಿದ್ದರೆ ವಸಂತದಲ್ಲಿ ದೋಣಿ ನಮ್ಮದು, ಒಡೆದರೆ ಗುಜರಿಗೆ ಎಂದು ಮಾವ ಮದುವೆಯ ಊಟದಲ್ಲಿ ಎಲ್ಲರ ಮುಂದೆ ಹೇಳಿದ್ದಾರೆ. ಬೇಸಿಗೆಯಲ್ಲಿ ನಾವಿಬ್ಬರೂ ಜನರನ್ನು ದೀಪಸ್ತಂಭ ತೋರಿಸಲು ಕರೆದೊಯ್ಯಬೇಕು, ನಾನು ಟೋಪಿ ಹಾಕಿಕೊಂಡು ಟಿಕೆಟ್ ಹರಿಯಬೇಕು. ಟೋಪಿ ಆಗಲೇ ಕೊಂಡಿದ್ದೇನೆ. ಆದರೆ ಬಕೆಟ್ಟಿನ ನೀರು ಹೆಪ್ಪುಗಟ್ಟುವುದೇ ಇಲ್ಲ. ಯಾಕೆ ಗೊತ್ತಾ? ಮಾವ ದಿನಾ ಬೆಳಿಗ್ಗೆ ಒಂದು ಕೆಟಲ್ ಬಿಸಿನೀರನ್ನು ಅದಕ್ಕೆ ಸುರಿದು ಬರುತ್ತಾರೆ. ನಾನು ಕಿಟಕಿಯಿಂದ ಕಣ್ಣಾರೆ ಕಂಡೆ. ಕೊನೆಯವರೆಗೆ ಕಾದವನೇ ಗೆದ್ದ ಹಾಗೆ, ಐನಾರ್ ಮಾವನನ್ನು ಸೋಲಿಸಬೇಕಲ್ಲ. "ಮಾವ, ಎಂಜಿನ್..." ಎಂದರೆ, "ಶಿಕಾಗೋ, ನೀನು ಕಾಫಿ ಮಾಡು" ಎಂದರು. ಮದುವೆಯಾದಾಗಿನಿಂದ ನನ್ನ ಹೆಸರು ಶಿಕಾಗೋ.

ಹಾಗಾಗಿ ಶನಿವಾರ ಮಾವ ಪೇಟೆಗೆ ಹೊರಟ ಕೂಡಲೇ ಅತ್ತೆಯನ್ನು ನನ್ನ ಪಕ್ಷಕ್ಕೆ ಸೇರಿಸಿಕೊಂಡೆ. ಲೆಂಪಿ ಅತ್ತೆ ಎಷ್ಟು ಒಳ್ಳೆಯವರು, ಆರ್ವೋ, ಒಂದು ಮಾತೂ ಕೇಳದೆ ಏಪ್ರನ್ ಮೇಲೆಯೇ ಕೋಟು ಹಾಕಿಕೊಂಡು ಬಂದರು. ದೋಣಿ ದಡದ ಹಳಿಯ ಮೇಲೆ ಕೂತಿತ್ತು. ನಾನು ಒಳಗೆ ಎಂಜಿನ್ ಪಕ್ಕ, ಗುಲಾಬಿ ಆಂಟಿಫ್ರೀಜ್ ತುಂಬಿದ ಕ್ಯಾನು ತೊಡೆಗಳ ಮಧ್ಯೆ, ಕೈಪಿಡಿ ಹಲ್ಲಿನಲ್ಲಿ. ಎಂಜಿನ್ನಿನ ನೀರು ಹೊರಗೆ ಬರುವ ಹಿಂದಿನ ಹೊಗೆಕೊಳವೆ ಒಳಗಿದ್ದವರಿಗೆ ಕಾಣುವುದಿಲ್ಲ. ಅದಕ್ಕೇ ಅತ್ತೆಯನ್ನು ಅಲ್ಲಿ ನಿಲ್ಲಿಸಿ, "ಮೊದಲು ಬರೀ ನೀರು ಬರುತ್ತೆ ಅತ್ತೆ. ಬಣ್ಣ ಬಂದ ತಕ್ಷಣ ಕೂಗಿ" ಎಂದೆ. ಎಂಜಿನ್ ಕೆಮ್ಮಿತು, ಗೊರಗುಟ್ಟಿತು, ಹೊತ್ತಿಕೊಂಡಿತು. ನೀರು ಹೀರುವ ಕೊಳವೆಯನ್ನು ಕ್ಯಾನಿಗೆ ಇಳಿಸಲು ಕೈ ಚಾಚಿದ್ದೇನೆ, ಇನ್ನೂ ಇಳಿಸಿಲ್ಲ, ಅತ್ತೆ "ಗುಲಾಬಿ" ಎಂದು ಕೂಗಿದರು.

"ಇನ್ನೂ ಹಾಕೇ ಇಲ್ಲ ಅತ್ತೆ."

"ನೀನು ಹಾಕದಿದ್ದರೆ ಅದಕ್ಕೇನು, ಬರ್ತಾ ಇದೆಯಲ್ಲ ತಾಯಿ."

ಕೈ ಚಾಚಿದ ಹಾಗೇ ಕೂತೆ. ಯಾರೋ ನನಗಿಂತ ಮೊದಲೇ ಕುಡಿಸಿದ್ದಾರೆ. ಗಾಬರಿಯಲ್ಲಿ ಕೊಳವೆಯನ್ನು ಕ್ಯಾನಿಗೆ ಅದ್ದಿ, ಅದೂ ಖಾಲಿಯಾಗುವವರೆಗೆ ಕುಡಿಸಿ ಎಂಜಿನ್ ಆರಿಸಿದೆ. ತಲೆ ಎತ್ತಿದರೆ ಸೌದೆ ರಾಶಿಯ ಹಿಂದೆ ಮಾವ. ಪೇಟೆಗೆ ಹೋಗಿರಲೇ ಇಲ್ಲ, ಕೈಯಲ್ಲಿ ಕೆಟಲ್. ಮುಖ ಆಂಟಿಫ್ರೀಜಿಗಿಂತ ಕೆಂಪಗಾಗಿತ್ತು. ಮೊದಲೇ ಕುಡಿಸಿದವರು ಇವರೇ ಎಂದು ನನಗೆ ಹೊಳೆಯಿತು. ನೀನು ಹೋದಾಗಿನಿಂದ ಐನಾರ್ ಮಾವ ದೋಣಿಯಲ್ಲಿ ಒಂದು ಸುತ್ತು ಹೋಗೋಣ ಬಾ ಎಂದಾಗಲೆಲ್ಲ ಇವರಿಗೆ ಬೆನ್ನುನೋವು ಬರುತ್ತಿದ್ದುದು ಯಾಕೆ ಎಂಬುದೂ ಹೊಳೆಯಿತು. ಎಂಜಿನ್ ಓಡಿಸಿದರೆ ಬಣ್ಣ ಹೊರಬಂದು ಗುಟ್ಟು ರಟ್ಟಾಗುತ್ತಿತ್ತು.

"ಯಾವಾಗ ಮಾವ?" ಎಂದೆ, ಮೆಲ್ಲಗೆ.

"ಹೋದ ಭಾನುವಾರ, ಆರ್ವೋ ಹೊರಟ ಮರುದಿನ. ನೀವೆಲ್ಲ ಚರ್ಚಿನಲ್ಲಿದ್ದಾಗ," ಎಂದರು, ಇನ್ನೂ ಮೆಲ್ಲಗೆ. "ಪ್ರತಿ ವರ್ಷವೂ."

ಅಷ್ಟರಲ್ಲಿ ಸದ್ದು ಕೇಳಿ ಐನಾರ್ ಮಾವ ಕಾಫಿ ಲೋಟ ಹಿಡಿದೇ ಬೇಲಿ ದಾಟಿ ಬಂದರು. ದೋಣಿಯ ಹಿಂದೆ ಬಿಳೀ ಹಿಮದ ಮೇಲೆ ದೊಡ್ಡ ಗುಲಾಬಿ ಕೊಳ. ಅವರು ಅದನ್ನು ನೋಡಿದರು, ಮಾವನನ್ನು ನೋಡಿದರು, ಲೋಟದಿಂದ ಒಂದು ಗುಟುಕು ಎಳೆದರು. "ತೌನೋ, ನಿನ್ನ ದೋಣಿ ಸ್ಟ್ರಾಬೆರಿ ಶರಬತ್ತು ಕುಡಿದು ಕಕ್ಕಿಕೊಂಡ ಹಾಗಿದೆಯಲ್ಲೋ. ಬಕೆಟ್ಟಿನಲ್ಲಿ ಗಡ್ಡೆ ಎಲ್ಲಿ?" ಮಾವ ಕೆಟಲನ್ನು ಬೆನ್ನ ಹಿಂದೆ ಅಡಗಿಸಿದರು. ಕೆಟಲ್‌ನ ಮೂತಿಯಿಂದ ಹಬೆ ಬರುತ್ತಲೇ ಇತ್ತು. ಆ ಮುಖ ನೋಡಲಾಗಲಿಲ್ಲ, ಆರ್ವೋ. ಬೇಟೆಗೆ ಸಿಕ್ಕ ಮುದಿ ಕರಡಿಯ ಹಾಗಿತ್ತು.

ನಾನು ದೋಣಿಯಿಂದ ಕೆಳಗೆ ಹಾರಿದೆ. "ನಾನು ಕುಡಿಸಿದ್ದು ಐನಾರ್ ಮಾವ. ಮಾವ ಬೇಡ ಬೇಡ ಅಂದರೂ ಕೇಳಲಿಲ್ಲ. ಹೆದರಿಕೆಯಾಯಿತು. ನಾನು ಶಿಕಾಗೋದವಳಲ್ಲವಾ?" ಎಂದೆ. ಖಾಲಿ ಕ್ಯಾನು ಕೈಯಲ್ಲೇ ಇತ್ತು, ಸಾಕ್ಷಿಗೆ ಬೇರೇನೂ ಬೇಕಾಗಲಿಲ್ಲ. ಐನಾರ್ ಮಾವ ಬಗ್ಗಿ ಬಗ್ಗಿ ನಕ್ಕರು. "ಹೆಣ್ಣುಮಗು, ಬಿಡು ತೌನೋ. ನಿನ್ನ ತಪ್ಪಲ್ಲ" ಎಂದು ಮಾವನ ಬೆನ್ನು ತಟ್ಟಿದರು. ಮಾವ ತಕ್ಷಣ ಸೊಂಟದ ಮೇಲೆ ಕೈಯಿಟ್ಟು, "ಈಗಿನ ಕಾಲದ ಹುಡುಗಿಯರು, ಹೇಳಿದ ಮಾತು ಎಲ್ಲಿ ಕೇಳ್ತಾರೆ" ಎಂದು ಗದರಿದರಲ್ಲ, ಅಬ್ಬಾ, ಆ ನಟನೆ ನೀನು ನೋಡಬೇಕಿತ್ತು. ಅತ್ತೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದರು. ಅತ್ತರೋ ನಕ್ಕರೋ, ಏಲಕ್ಕಿ ಬ್ರೆಡ್ಡು ಮಾತ್ರ ಅವತ್ತು ಕರಕಲಾಯಿತು.

ಸಂಜೆಯ ಕಾಫಿಗೆ ಮಾವ ಆ ಕರಕಲು ಬ್ರೆಡ್ಡನ್ನೇ ಅದ್ದಿ ತಿನ್ನುತ್ತಾ, ದೋಣಿಯ ಕೀಲಿಯನ್ನು ನನ್ನ ತಟ್ಟೆಯ ಪಕ್ಕ ಇಟ್ಟರು. ವಸಂತದವರೆಗೂ ಕಾಯಲಿಲ್ಲ. "ಇನ್ನು ಮೇಲೆ ಈ ಮನೆಯಲ್ಲಿ ಹೆದರುವ ಕೆಲಸ ನಿನ್ನದು," ಎಂದರು. "ಪ್ರತಿ ವರ್ಷ, ಬಕೆಟ್ಟಿನಲ್ಲಿ ಗಡ್ಡೆ ಕಟ್ಟುವ ಮೊದಲೇ ಹೆದರಬೇಕು. ನಾನು ಬೈತೀನಿ. ಬೇಜಾರು ಮಾಡ್ಕೋಬೇಡ, ಮಾರ್ಲಿಸ್." ಹೆಸರು ಹಿಡಿದು ಕರೆದರು, ಆರ್ವೋ. ನಾನು ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಇನ್ನೊಂದು ಕರಕಲು ತುಂಡನ್ನೂ ತಿಂದೆ.

ಅತ್ತೆ ಮಾವ ಇಬ್ಬರೂ ಆಶೀರ್ವಾದ ಕಳಿಸಿದ್ದಾರೆ. ಹೊಟ್ಟೆ ತುಂಬಾ ಉಣ್ಣು, ಕಿವಿ ಮುಚ್ಚಿಕೊಂಡು ಓಡಾಡು, ಹಡಗನ್ನು ನೇರವಾಗಿ ಮನೆ ಕಡೆಗೆ ತಿರುಗಿಸು.

ನಿನ್ನವಳೇ ಆದ,
ಮಾರ್ಲಿಸ್

ಮತ್ತೊಂದು ಮಾತು: ಅಂಚೆಯವನು ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪತ್ರ ಮುಗಿಸಿದ ಮೇಲೆ, ಶನಿವಾರ ಕೈತಪ್ಪಿ ಬಿದ್ದ ಸ್ಪ್ಯಾನರ್ ಹುಡುಕಲು ಎಂಜಿನ್ನಿನ ಕೆಳಗೆ ಕೈ ಹಾಕಿದೆ. ಸ್ಪ್ಯಾನರ್ ಸಿಗಲಿಲ್ಲ. ನೀಲಿ ಕೈಗವಸು ಸಿಕ್ಕಿತು, ಬಲಗೈಯದು, ಹೆಬ್ಬೆರಳು ತಪ್ಪು ಜಾಗದಲ್ಲಿದೆ, ಮಣಿಕಟ್ಟಿನವರೆಗೂ ಗುಲಾಬಿ ಬಣ್ಣ. ಗಾಳಿ ಹಾರಿಸಿಕೊಂಡು ಹೋಯಿತಾ? ಹಾಗಾದರೆ ಮಾವ ಕುಡಿಸುವ ಮೊದಲೇ ನೀನು ಕುಡಿಸಿದ್ದೆ. ಮೂರು ಸಲ ಕುಡಿದ ಎಂಜಿನ್, ಕೊಲ್ಲಿಯಲ್ಲೆಲ್ಲ ಇದೊಂದೇ ಇರಬೇಕು. ಮಾವನಿಗೆ ಹೇಳಬೇಡ, ಮನೆಯಲ್ಲಿ ಹೆದರುವವರು ತಾನು ಮತ್ತು ನಾನು ಇಬ್ಬರೇ ಎಂದುಕೊಂಡಿದ್ದಾರೆ. ಗವಸು ಒಗೆದೆ, ಬಣ್ಣ ಹೋಗಲಿಲ್ಲ, ಇದರ ಜೊತೆಗೇ ಕಳಿಸಿದ್ದೇನೆ. ಹಾಕಿಕೋ.